ತಮ್ಮ ಸಿನಿಮಾ ಹಿಡಿದು ವಿತರಕರನ್ನು ನೋಡೋಕೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ವಿತರಕರ ಆಫೀಸುಗಳಿರುವ ಬೆಂಗಳೂರಿನ ಗಾಂಧಿನಗರಕ್ಕೆ ಬಸ್ ಹತ್ತುವ ಮೊದಲು ಸೆನ್ಸಾರ್ ಸರ್ಟಿಫಿಕೇಟ್, ಟ್ರೇಲರ್, ವಾಟರ್‌ಮಾರ್ಕ್ ಹಾಕಿದ ಸಿನಿಮಾದ ಪಾಸ್‌ವರ್ಡ್ ಲಿಂಕ್ ರೆಡಿ ಇರಲಿ. ಪೆನ್‌ಡ್ರೈವ್‌ನಲ್ಲಿ ಇಡೀ ಸಿನಿಮಾ ಯಾರ ಕೈಗೂ ಕೊಡಬೇಡಿ.

ಹೊಸಬರಿಗೆ ಮಿನಿಮಮ್ ಗ್ಯಾರಂಟಿ (ವಿತರಕರು ಮೊದಲೇ ಕೊಡುವ ಖಚಿತ ಹಣ) ಸಿಗೋದು ಅಪರೂಪ, ಹೆಚ್ಚಾಗಿ ಕಲೆಕ್ಷನ್‌ನಲ್ಲಿ ವಿತರಕರು ಇಷ್ಟು ಪರ್ಸೆಂಟ್ ಅಂತ ಹಿಡಿಯುವ ಕಮಿಷನ್ ಲೆಕ್ಕವೇ. ಅಂದರೆ ಪೋಸ್ಟರ್, ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ಎಲ್ಲ ನಿಮ್ಮ ತಲೆಗೇ. ಅಗ್ರಿಮೆಂಟಲ್ಲಿ ‘ಸಕಲ ಹಕ್ಕು’ ಅಂತ ಕಂಡರೆ ಸಹಿ ಬೇಡ. ಥಿಯೇಟರ್ ಹಕ್ಕು ಮಾತ್ರ ಕೊಡಿ. ಯಾವ ಏರಿಯಾ, ಎಷ್ಟು ವರ್ಷ, ಯಾವ್ಯಾವ ಖರ್ಚು ಕಳೆದು ಪಾಲು, ದಿನದ ಕಲೆಕ್ಷನ್ ರಿಪೋರ್ಟ್ ಯಾವಾಗ, ಎಲ್ಲ ಬರೆಸಿಕೊಳ್ಳಿ. ಒಟಿಟಿ, ಸ್ಯಾಟಲೈಟ್ (ಟಿವಿ) ಹಕ್ಕು ನಿಮ್ಮಲ್ಲೇ ಉಳಿಯಲಿ.

ಸೆಕೆಂಡಿಗೆ 25 ಫ್ರೇಮಲ್ಲಿ ಶೂಟ್ ಆಗಿದ್ದರೆ ಡಿಸಿಪಿಗೆ (ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ) 24ಕ್ಕೆ ಇಳಿಸುವಾಗ ಸೌಂಡ್ ಜಾರಬಹುದು, ಪೂರ್ತಿ ಕೂತು ನೋಡಿ.

ನಮ್ಮ ಕೊಡಗಿನಲ್ಲಿ ಜೂನ್–ಆಗಸ್ಟ್ ಮಳೆ, ಡಿಸೆಂಬರಿಂದ ಕಾಫಿ ಕೊಯ್ಲು, ಆಗ ಜನ ಥಿಯೇಟರಿಗೆ ಬರೋದು ಕಷ್ಟ. ಮಡಿಕೇರಿ ಕಡೆಯ ರಿಲೀಸನ್ನು ಆ ತಿಂಗಳುಗಳಿಗೆ ಒಪ್ಪಿಕೊಳ್ಳಬೇಡಿ.