ಚಾರ್ಟರ್ ಶಾಲೆಗೆ ಬಸ್ಸಿದೆಯಾ ಅಂತ ಮೊದಲು ಕೇಳಿ

ಸಂಪಾದಕರೇ,

ಅಮೆರಿಕದ ಶಾಲೆಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಅದರಲ್ಲಿ ಚಾರ್ಟರ್ ಶಾಲೆಗಳನ್ನು ಖಾಸಗಿ ಶಾಲೆಗಳ ಸಾಲಿಗೆ ಸೇರಿಸಿದ್ದೀರಿ. ಅದು ಸರಿಯಲ್ಲ. ನಾನಿರುವುದು ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ. 2020ರ ಜನಗಣತಿಯ ಪ್ರಕಾರ ಸುಮಾರು 2.8 ಲಕ್ಷ ಜನರಿರುವ ಊರು, ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಇಂಥ ಊರಿಗೆ ಚಾರ್ಟರ್ ಶಾಲೆಗಳು ಸ್ವಲ್ಪ ಜಾಸ್ತಿಯೇ ಇವೆ. ಮಗಳನ್ನು ಆರನೇ ಕ್ಲಾಸಿಗೆ ಸೇರಿಸಬೇಕಿತ್ತು, ಹಾಗಾಗಿ ಒಂದು ಚಳಿಗಾಲ ಪೂರ್ತಿ ಈ ಶಾಲೆಗಳನ್ನು ಹೋಲಿಸಿ ನೋಡುವುದರಲ್ಲೇ ಕಳೆದೆ.

ಚಾರ್ಟರ್ ಶಾಲೆ ಅಂದರೆ ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆ. ಫೀಸಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ಆದರೆ ಇಲ್ಲಿ ಊರಿನ ಶಾಲಾ ಮಂಡಳಿಗೆ ಇದರ ಮೇಲೆ ಹಿಡಿತ ಇರುವುದಿಲ್ಲ. ಶಾಲೆಗೆ ಅದರದ್ದೇ ಆಡಳಿತ ಮಂಡಳಿ, ರಾಜ್ಯದ ಜೊತೆ ಇಷ್ಟು ವರ್ಷಕ್ಕೆ ಅಂತ ಒಂದು ಒಪ್ಪಂದ. ಇಂಥ ಮೊದಲ ಕಾನೂನು ಬಂದಿದ್ದು ಮಿನ್ನೆಸೋಟದಲ್ಲಿ, 1991ರಲ್ಲಿ. ನಮ್ಮ ರಾಜ್ಯದಲ್ಲಿ 1996ರಲ್ಲಿ ಬಂತು. ನೂರಕ್ಕಿಂತ ಹೆಚ್ಚು ಶಾಲೆ ಇರಬಾರದು ಅಂತ ಮೊದಲು ಮಿತಿ ಇತ್ತು, 2011ರಲ್ಲಿ ಅದನ್ನು ತೆಗೆದುಹಾಕಿದರು. ಈಗ 200 ದಾಟಿವೆ.

ಹೋಲಿಸುವುದಕ್ಕೆ ಎಲ್ಲರೂ ಮೊದಲು ನೋಡುವುದು ರಾಜ್ಯ ಕೊಡುವ ಗ್ರೇಡ್. ಎ ಇಂದ ಎಫ್ ತನಕ. ನಾನೂ ಅದನ್ನೇ ನೋಡಿದೆ, ಎ ಬಂದ ಶಾಲೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಗೊತ್ತಾಯ್ತು, ಆ ಗ್ರೇಡಿನಲ್ಲಿ 80 ಪಾಲು ಮಕ್ಕಳು ಪರೀಕ್ಷೆಯಲ್ಲಿ ತೆಗೆದ ಅಂಕದ್ದು, ಒಂದು ವರ್ಷದಲ್ಲಿ ಮಗು ಎಷ್ಟು ಮುಂದೆ ಬಂತು ಅನ್ನುವುದಕ್ಕೆ ಬರೀ 20. ಮನೆಯಲ್ಲಿ ಪುಸ್ತಕ, ಟ್ಯೂಷನ್, ಓದಿಸುವ ಅಪ್ಪ ಅಮ್ಮ ಎಲ್ಲ ಇರುವ ಮಕ್ಕಳೇ ಸೇರಿದ ಶಾಲೆಗೆ ಎ ಬರುವುದು ಕಷ್ಟವೇನಲ್ಲ, ಅಲ್ವಾ? ನಾನು ನೋಡಿದ ಶಾಲೆಗಳಲ್ಲಿ ಒಂದಕ್ಕೆ ಸಿ ಇತ್ತು, ಆದರೆ ಮಕ್ಕಳ ಬೆಳವಣಿಗೆ ನಿರೀಕ್ಷೆ ಮೀರಿತ್ತು. ಇನ್ನೊಂದಕ್ಕೆ ಎ, ಬೆಳವಣಿಗೆ ನಿರೀಕ್ಷೆಯಷ್ಟೂ ಇರಲಿಲ್ಲ. ಎ ಶಾಲೆಯ ವೇಟಿಂಗ್ ಲಿಸ್ಟಿನಲ್ಲಿ ನೂರಾರು ಮಕ್ಕಳಿದ್ದರು. ಸಿ ಶಾಲೆಯಲ್ಲಿ ಸೀಟು ಖಾಲಿ ಇತ್ತು.

ಆ ಎ ಶಾಲೆ ನೋಡಲು ಹೋದ ದಿನ ಶಾಲೆ ಬಿಡುವ ಹೊತ್ತಾಗಿತ್ತು. ಗೇಟಿನಿಂದ ಮುಖ್ಯ ರಸ್ತೆಯವರೆಗೂ ಕಾರುಗಳು ನಿಂತಿದ್ದವು. ಒಂದೊಂದು ಕಾರಿನ ಗಾಜಿನ ಹಿಂದೆ ದೊಡ್ಡ ಅಕ್ಷರದಲ್ಲಿ ನಂಬರ್ ಬರೆದ ಕಾರ್ಡು. ಟೀಚರ್ ಒಬ್ಬರು ವಾಕಿಟಾಕಿಯಲ್ಲಿ ನಂಬರ್ ಕೂಗುತ್ತಿದ್ದರು, ಮಕ್ಕಳು ಒಬ್ಬೊಬ್ಬರಾಗಿ ಓಡಿ ಬಂದು ಹತ್ತುತ್ತಿದ್ದರು. ಎಷ್ಟು ಹುಡುಕಿದರೂ ಒಂದು ಹಳದಿ ಬಸ್ಸು ಕಾಣಲಿಲ್ಲ. ಆಫೀಸಿನಲ್ಲಿ ಕೇಳಿದರೆ, ಪೋಷಕರ ಕಾರ್‌ಪೂಲ್ ಗುಂಪು ಇದೆ ಅಂದರು. ಇಲ್ಲಿನ ಕಾನೂನಿನಲ್ಲಿ ಚಾರ್ಟರ್ ಶಾಲೆ ಬಸ್ಸು ಓಡಿಸಲೇಬೇಕು ಅಂತೇನಿಲ್ಲ, ಓಡಾಟಕ್ಕೆ ಒಂದು ಯೋಜನೆ ಇದ್ದರೆ ಸಾಕು. ಸರ್ಕಾರದ ಮಧ್ಯಾಹ್ನದ ಊಟದ ಯೋಜನೆಗೆ ಸೇರಲೇಬೇಕು ಅಂತಲೂ ಇಲ್ಲ. ಬಸ್ಸು, ಊಟ ಎರಡೂ ಇಲ್ಲದ ಕಡೆ ಕಾರಿಲ್ಲದ ಮನೆಯ ಮಗು ಹೇಗೆ ಬರಬೇಕು?

ನಮ್ಮ ಪಕ್ಕದ ಮನೆಯಾಕೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಮಾಡುತ್ತಾರೆ, ಓಡಾಟವೆಲ್ಲ ಸಿಟಿ ಬಸ್ಸಿನಲ್ಲೇ. ಅವರ ಮಗನಿಗೆ ಅದೇ ಶಾಲೆಯ ಲಾಟರಿಯಲ್ಲಿ ಸೀಟು ಸಿಕ್ಕಿತು. ಆ ದಿನ ನಮ್ಮ ಮನೆ ಬಾಗಿಲು ತಟ್ಟಿ ಫೋನಿನಲ್ಲಿ ಬಂದ ಮೆಸೇಜ್ ತೋರಿಸಿದ್ದರು. ಎರಡು ವಾರ ಕಾರ್‌ಪೂಲ್‌ಗೆ ಜನ ಹುಡುಕಿದರು. ಸಿಗಲಿಲ್ಲ. ಸೀಟು ಬಿಟ್ಟುಕೊಟ್ಟರು. ಲಾಟರಿ ಎಲ್ಲರಿಗೂ ಒಂದೇ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಅವರ ಮುಖ ನೆನಪಾಗುತ್ತದೆ.

ಹಾಗಂತ ಚಾರ್ಟರ್ ಶಾಲೆಗಳೇ ಬೇಡ ಅನ್ನುವವಳಲ್ಲ ನಾನು. ಬಸ್ಸು ಓಡಿಸಿ, ಊಟ ಕೊಟ್ಟು, ಬಡ ಮಕ್ಕಳನ್ನು ಚೆನ್ನಾಗಿ ಓದಿಸುವ ಚಾರ್ಟರ್‌ಗಳೂ ಈ ಊರಲ್ಲಿವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಅನ್ನುವ ಸಂಶೋಧನಾ ಸಂಸ್ಥೆ 2009ರಲ್ಲಿ ಮಾಡಿದ ಅಧ್ಯಯನದಲ್ಲಿ, ಗಣಿತದಲ್ಲಿ ಮಾಮೂಲಿ ಸರ್ಕಾರಿ ಶಾಲೆಗಿಂತ ಮುಂದಿದ್ದ ಚಾರ್ಟರ್‌ಗಳು ಶೇ. 17, ಹಿಂದಿದ್ದವು ಶೇ. 37. ಅದೇ ಸಂಸ್ಥೆಯ 2023ರ ವರದಿಯಲ್ಲಿ ಸರಾಸರಿ ಲೆಕ್ಕದಲ್ಲಿ ಚಾರ್ಟರ್ ಮಕ್ಕಳೇ ಸ್ವಲ್ಪ ಮುಂದೆ, ಆನ್‌ಲೈನ್ ಚಾರ್ಟರ್‌ಗಳು ಮಾತ್ರ ತುಂಬಾ ಹಿಂದೆ. ಅಂದರೆ ಬೋರ್ಡಿನ ಮೇಲೆ ಚಾರ್ಟರ್ ಅಂತ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಒಂದೊಂದು ಶಾಲೆಯನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಆರನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು, ಎಂಟಕ್ಕೆ ಬರುವಷ್ಟರಲ್ಲಿ ಎಷ್ಟು ಉಳಿದರು, ಬಿಟ್ಟು ಹೋದವರ ಜಾಗಕ್ಕೆ ಬೇರೆಯವರನ್ನು ತಗೊಂಡರಾ, ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ಎಷ್ಟು ಟೀಚರ್ ಇದ್ದಾರೆ, ಇದನ್ನೆಲ್ಲ ನಾನು ಕೇಳಿದೆ. ಕೆಲವು ಕಡೆ ತಕ್ಷಣ ಉತ್ತರ ಕೊಟ್ಟರು. ಎರಡು ಕಡೆ ಇಮೇಲ್ ಮಾಡಿ ಅಂದರು, ಮಾಡಿದೆ, ಉತ್ತರ ಬರಲೇ ಇಲ್ಲ.

ಮಗಳನ್ನು ಕೊನೆಗೆ ಆ ಸಿ ಶಾಲೆಗೇ ಸೇರಿಸಿದೆವು. ಬೆಳಿಗ್ಗೆ ಬಸ್ಸು ನಮ್ಮ ಬೀದಿ ತಿರುವಿಗೇ ಬರುತ್ತದೆ. ಪಕ್ಕದ ಮನೆಯ ಹುಡುಗನೂ ಈಗ ಅದೇ ಬಸ್ಸು ಹತ್ತುತ್ತಾನೆ.

– ಒಬ್ಬ ತಾಯಿ, ಡರ್ಹಮ್, ನಾರ್ತ್ ಕ್ಯಾರೊಲಿನಾ