ತಾಸಿಗೆ ನಾಲ್ಕಾಣೆ

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಅಳತೆ ಕೊಟ್ಟು ಮಾಡಿಸುವ ಆ ಸೈಕಲ್ಲಿಗೆ ದುಡ್ಡು ಕಟ್ಟಿದೆಯೋ ಇಲ್ಲೋ?" ಅಂತ. ನಾನು ಟೈರು, ಗೇರು ಅಂತ ಏನೇನೋ ಹೇಳಿ ಮಾತು ತಿರುಗಿಸಿದೆ. ನೀನು ಸುಮ್ಮನಾದೆ. ನೀನು ಸುಮ್ಮನಾದರೆ ನನ್ನ ಮಾತು ನಂಬಿಲ್ಲ ಅಂತ ಅರ್ಥ. ಐವತ್ತು ವರ್ಷದಿಂದ ನೋಡುತ್ತಿದ್ದೇನಲ್ಲ! ಅದಕ್ಕೇ ಕೂತು ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ರಿಟೈರ್ ಆದ ಮೇಲೆ ಸೈಕಲ್ ಹತ್ತಿದ ನಮ್ಮ ಕಡೆಯವರು ಪುಣೆಯಲ್ಲಿ ಬಹಳ ಮಂದಿ ಇದ್ದಾರೆ. ಅವರೂ ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ.

ಮೊದಲು ವಿಜಾಪುರದ ಆ ಬಾಡಿಗೆ ಸೈಕಲ್ ಅಂಗಡಿ ನೆನಪು ಮಾಡಿಕೋ. ತಾಸಿಗೆ ನಾಲ್ಕಾಣೆ. ನಿನ್ನದು ಎರಡಾಣೆ, ನನ್ನದು ಎರಡಾಣೆ. ಏಳನೇ ನಂಬರಿನ ಸೈಕಲ್ ಸಿಕ್ಕರೆ ಅವತ್ತು ಹಬ್ಬ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಾ ಗೋಳಗುಮ್ಮಟದ ತನಕ ನಾನು, ಅಲ್ಲಿಂದ ವಾಪಸ್ ನೀನು. ಅರ್ಧ ತಾಸು ಆಯಿತು ಅಂತ ಹೇಗೆ ಗೊತ್ತಾಗುತ್ತಿತ್ತೋ, ನಮ್ಮ ಹತ್ತಿರ ಗಡಿಯಾರವೇ ಇರಲಿಲ್ಲ. ಆದರೂ ಒಂದು ದಿನವೂ ಜಗಳ ಆಗಲಿಲ್ಲ. ಆ ಹಾಲಿನ ಕ್ಯಾನಿನ ದಿನ ಬಿಟ್ಟು.

ಈಗ ಪುಣೆಯ ಬಾಣೇರ್ ಕಡೆಯ ಒಂದು ಸಣ್ಣ ಸೈಕಲ್ ವರ್ಕ್‌ಶಾಪಿಗೆ ಬಾ. ಹೋದ ತಿಂಗಳು ಅಲ್ಲಿ ನನ್ನ ಅಳತೆ ತೆಗೆದರು. ಎರಡೂವರೆ ತಾಸು ಹಿಡಿಯಿತು. ಅಂಗಡಿಯ ಸೈಕಲ್ಲು ರೆಡಿಮೇಡ್ ಅಂಗಿ ಇದ್ದ ಹಾಗೆ. 52, 54, 56 ಅಂತ ಸೈಜು ಇರುತ್ತದೆ, ಹತ್ತಿರದ್ದನ್ನು ಹಾಕಿಕೊಳ್ಳಬೇಕು. ಇದು ಹಾಗಲ್ಲ, ದರ್ಜಿ ಹೊಲಿದ ಹಾಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದರು. ತೊಡೆ ಸಂದಿಯಲ್ಲಿ ಹಲಗೆ ಒತ್ತಿ ಹಿಡಿದು ಒಳಗಾಲು ಅಳೆದರು, 81 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ ಪೆಡಲಿನ ನಡು ಅಚ್ಚಿನಿಂದ ಸೀಟಿನ ತಲೆಯ ತನಕ ಎಷ್ಟಿರಬೇಕು ಅಂತ ಒಂದು ಅಂದಾಜು ಸಿಗುತ್ತದೆ. ನನಗೆ 71.5 ಬಂತು. ಆಮೇಲೆ ತೋಳು, ಭುಜದ ಅಗಲ, ಬೆನ್ನಿನ ಉದ್ದ. ಬಗ್ಗಿ ನೆಲ ಮುಟ್ಟಿ ಅಂದರು. ಬೆರಳ ತುದಿಗೂ ನೆಲಕ್ಕೂ ಒಂದು ಗೇಣು ಉಳಿಯಿತು.

ನಿನಗೆ ಗೊತ್ತಲ್ಲ, ಭೋಸರಿಯ ಕಾರ್ಖಾನೆಯಲ್ಲಿ 34 ವರ್ಷ ನಾನು ಮಾಡಿದ್ದು ಇದೇ ಅಳೆಯುವ ಕೆಲಸ. ವರ್ನಿಯರ್, ಮೈಕ್ರೊಮೀಟರ್, ಗೋ-ನೋಗೋ ಗೇಜು. ಒಂದು ಕೂದಲೆಳೆ ಜಾಸ್ತಿ ಇದ್ದರೂ ಕೆಂಪು ಚೀಟಿ ಹಚ್ಚಿ ಪಕ್ಕಕ್ಕಿಡುತ್ತಿದ್ದೆ. ಎಷ್ಟು ಸಾವಿರ ತುಂಡು ಅಳೆದಿದ್ದೇನೋ. ನನ್ನನ್ನು ಇಷ್ಟು ಶ್ರದ್ಧೆಯಿಂದ ಯಾರೂ ಅಳೆದಿರಲಿಲ್ಲ. ಎಡಗಾಲು 6 ಮಿಲಿಮೀಟರ್ ಗಿಡ್ಡ ಅಂತ ಆ ಹುಡುಗ ಹೇಳಿದ. ಯಾಕೆ ಅಂತ ನಿನಗೊಬ್ಬನಿಗೇ ಗೊತ್ತು. ಬಲ ಭುಜ ಇಳಿದಿದೆಯಂತೆ. ಸೊಂಟ ಮೊದಲಿನಷ್ಟು ಬಗ್ಗುವುದಿಲ್ಲ. ನಾನು ಮನಸ್ಸಿನಲ್ಲೇ ಕೆಂಪು ಚೀಟಿ ಹಚ್ಚಿಕೊಳ್ಳುತ್ತಿದ್ದೆ. ಅವನು ಎಲ್ಲ ಬರೆದುಕೊಂಡು, "ಹೆಡ್ ಟ್ಯೂಬ್ ಸ್ವಲ್ಪ ಉದ್ದ ಮಾಡೋಣ ಸರ್, ಹ್ಯಾಂಡಲ್ ಮೇಲೆ ಬರುತ್ತದೆ. ಮೇಲಿನ ಟ್ಯೂಬ್ ಸ್ವಲ್ಪ ಗಿಡ್ಡ ಮಾಡೋಣ, ನಿಮ್ಮ ಬೆನ್ನಿಗೆ ಆರಾಮ. ಕಾಲಿಗೆ ಶೂ ಕೆಳಗೆ ಒಂದು ತೆಳು ಶಿಮ್ ಪಟ್ಟಿ ಸಾಕು" ಅಂದ. ಮರಾಠಿಯಲ್ಲಿ ಹೇಳಿದ, ಬಹಳ ಮೆತ್ತಗೆ. ನನಗೆ ಗಂಟಲು ಕಟ್ಟಿತು. ಜೀವನಪೂರ್ತಿ ತುಂಡು ಡ್ರಾಯಿಂಗಿಗೆ ಸರಿಯಾಗಿರಬೇಕು ಅಂತ ನಂಬಿದವನು ನಾನು. ಅವನು ತುಂಡು ನೋಡಿ ಡ್ರಾಯಿಂಗ್ ತಿದ್ದುತ್ತಿದ್ದ.

ಫ್ರೇಮು ಟೈಟಾನಿಯಂದು. ಶೇಕಡಾ 3 ಅಲ್ಯೂಮಿನಿಯಂ, 2.5 ವೆನೇಡಿಯಂ ಸೇರಿಸಿದ ಮಿಶ್ರಲೋಹ. ವಿಮಾನದ ಹೈಡ್ರಾಲಿಕ್ ಪೈಪಿಗೂ ಇದೇ ಬಳಸುತ್ತಾರೆ. ಉಕ್ಕಿಗಿಂತ ಬಹಳ ಹಗುರ, ತುಕ್ಕು ಹಿಡಿಯುವುದಿಲ್ಲ. ಪುಣೆಯ ಮಳೆಗಾಲ ನೀನು ನೋಡಿದ್ದೀಯ, ಅದರ ಬೆಲೆ ನಿನಗೆ ಗೊತ್ತಾಗುತ್ತದೆ. ಇದರ ವೆಲ್ಡಿಂಗ್ ಬಹಳ ನಾಜೂಕು. ಬಿಸಿಯಲ್ಲಿ ಗಾಳಿ ತಾಗಿದರೆ ಜೋಡಣೆ ಗಡುಸಾಗಿ ಬಿರುಕು ಬಿಡುತ್ತದೆ. ಅದಕ್ಕೆ ಹೊರಗೂ ಆರ್ಗಾನ್ ಅನಿಲ ಹಾಯಿಸಬೇಕು, ಟ್ಯೂಬಿನ ಒಳಗೂ ಆರ್ಗಾನ್ ತುಂಬಬೇಕು. ಜೋಡಣೆ ಬೆಳ್ಳಿಯ ಹಾಗೆ ಹೊಳೆದರೆ ಕೆಲಸ ಚೊಕ್ಕ. ನೀಲಿ ತಿರುಗಿದರೆ ಗಾಳಿ ಹೊಕ್ಕಿದೆ ಅಂತ ಲೆಕ್ಕ. ಅಲ್ಲಿ ತೋರಿಸಲು ಇಟ್ಟಿದ್ದ ಒಂದು ಫ್ರೇಮನ್ನು ಕನ್ನಡಕ ಹಾಕಿಕೊಂಡು ಜೋಡಣೆ ಜೋಡಣೆಯಾಗಿ ನೋಡಿದೆ. ಒಂದರ ಮೇಲೊಂದು ನಾಣ್ಯ ಸರಿಸಿಟ್ಟ ಹಾಗೆ ಸಾಲು. ಎಲ್ಲೂ ನೀಲಿ ಇರಲಿಲ್ಲ. ಮನುಷ್ಯರ ಕೈ ಇಷ್ಟು ಚೊಕ್ಕ ಕೆಲಸ ಮಾಡುತ್ತದೆ ಅಂದರೆ ಅದಕ್ಕೆ ದುಡ್ಡು ಕೊಡಬೇಕು ಅನ್ನಿಸುತ್ತದೆ ನನಗೆ. ಇದು ಶೋಕಿ ಅನ್ನುವವರು ಆ ಜೋಡಣೆಯನ್ನು ಒಂದು ಸಲ ನೋಡಲಿ.

ದುಡ್ಡಿನ ಮಾತು. ಎಲ್ಲ ಸೇರಿ 6,40,000 ರೂಪಾಯಿ. ನಿನ್ನ ಉಸಿರು ಇಲ್ಲಿಗೆ ಕೇಳಿಸಿತು. ಮಗಳ ಮದುವೆ ಆಗಿದೆ, ಮನೆಯ ಸಾಲ ತೀರಿದೆ, ದುಡ್ಡು ಬ್ಯಾಂಕಿನಲ್ಲಿದೆ. ನನ್ನ ಹೆಂಡತಿಗೆ, ನಿನ್ನ ವೈನಿಗೆ, ಹೇಳಿದಾಗ ಅವಳು ಬೆಲೆ ಕೇಳಲಿಲ್ಲ. "ಎಷ್ಟು ದಿನಕ್ಕ ಬರತದ?" ಅಂದಳು. ಅಳತೆ ಇಲ್ಲಿ, ಫ್ರೇಮು ಹೊರದೇಶದಲ್ಲಿ ಆಗುತ್ತದೆ, ಎಂಟು ತಿಂಗಳು ಅಂದೆ. ಬೆರಳು ಮಡಚಿ ಎಣಿಸಿ, "ಹಂಗಾರ ಈಗ ಹೇಳಿಬಿಡ್ರಿ" ಅಂದಳು. ಎದ್ದು ಒಳಗೆ ಹೋದಳು.

ಆ ರಾತ್ರಿ ಹಳೇ ಚಟ, ಲೆಕ್ಕ ಹಾಕಿದೆ. ವರ್ಷಕ್ಕೆ 150 ಸಲ ಹೊರಟರೆ, ಹತ್ತು ವರ್ಷಕ್ಕೆ 1,500 ಸಲ. ಒಂದು ಸಲಕ್ಕೆ 427 ರೂಪಾಯಿ. ಸಲಕ್ಕೆ ಎರಡು ತಾಸು ಹಿಡಿದರೆ ತಾಸಿಗೆ 213 ರೂಪಾಯಿ ಚಿಲ್ಲರೆ. ನಾಲ್ಕಾಣೆಯಿಂದ ಇಲ್ಲಿಗೆ ಬಂದೆವಲ್ಲ ಅಂತ ಖುಷಿಯಿಂದ ನಿನಗೆ ಫೋನ್ ಮಾಡಬೇಕು ಅನ್ನಿಸಿತು. ಆಮೇಲೆ ಹಾಳೆ ನೋಡಿದೆ. ಹತ್ತು ವರ್ಷ ಅಂತ ಬರೆದಿದ್ದೆ. ಯಾಕೆ ಹತ್ತು? ನನಗೀಗ 62. ಯಾರು ಹೇಳಿದರು ಹತ್ತು ಅಂತ?

ಅಲ್ಲಿಗೆ ಲೆಕ್ಕ ನಿಂತಿತು. ದುಡ್ಡು ಕಟ್ಟುವುದೂ ಅಲ್ಲಿಗೇ ನಿಂತಿದೆ.

ಸೈಕಲ್ ಲೋಕದಲ್ಲಿ ಒಂದು ತಾಸಿನ ದಾಖಲೆ ಅಂತ ಇದೆ. ತಾಸಿನಲ್ಲಿ ಎಷ್ಟು ದೂರ ಹೋಗುತ್ತೀರಿ, ಅಷ್ಟೇ. 1972ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ 49.431 ಕಿಲೋಮೀಟರ್ ಹೋದ. ಆಗ ಅವನಿಗೆ 27. ಅವನ ಸೈಕಲ್ಲನ್ನು ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಕೈಯಾರೆ ಮಾಡಿಕೊಟ್ಟಿದ್ದರು, ಆರು ಕಿಲೋಗಿಂತ ಕಡಿಮೆ ತೂಕ. ಒಂದೇ ಒಂದು ತಾಸಿಗಾಗಿ ಮಾಡಿದ ಸೈಕಲ್! ಮೆರ್ಕ್ಸ್ ಕಥೆ ಕೇಳಿದರೆ ರೋಮಾಂಚನ ಆಗುತ್ತದೆ, ಆದರೆ ನನಗೆ ಧೈರ್ಯ ಕೊಡುವವರು ಬೇರೆ. ಫ್ರಾನ್ಸಿನ ರಾಬೆರ್ ಮಾರ್ಶಾನ್. 1911ರಲ್ಲಿ ಹುಟ್ಟಿದವರು. ಯೌವನದಲ್ಲಿ ಬಿಟ್ಟ ಸೈಕಲ್ಲನ್ನು ಮತ್ತೆ ಹಿಡಿದದ್ದು ಅರವತ್ತೈದು ದಾಟಿದ ಮೇಲೆ. 2017ರ ಜನವರಿಯಲ್ಲಿ, 105ನೇ ವಯಸ್ಸಿನಲ್ಲಿ, ಒಂದು ತಾಸಿಗೆ 22.547 ಕಿಲೋಮೀಟರ್. ನೂರು ದಾಟಿದ ಮೇಲೂ ಸರಿಯಾಗಿ ತಾಲೀಮು ಮಾಡಿದಾಗ ಅವರ ದೇಹ ಆಮ್ಲಜನಕ ಬಳಸುವ ಶಕ್ತಿ ಹೆಚ್ಚಿತ್ತು ಅಂತ ವಿಜ್ಞಾನಿಗಳು ಅಳೆದು ಬರೆದಿದ್ದಾರೆ. 109 ವರ್ಷ ಬಾಳಿದರು. ಈ ಕಥೆಯನ್ನು ಭಾನುವಾರದ ಗುಂಪಿನಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ.

ಮೊದಲು ಹೇಳಿದ್ದು ಬ್ಯಾಂಕ್ ಸಾಹೇಬರಿಗೆ. ಅವರ ವಿಷಯ ನಿನಗೆ ಅರ್ಧ ಮಾತ್ರ ಹೇಳಿದ್ದೇನೆ. ಉಳಿದದ್ದನ್ನು ಇವತ್ತು ಹೇಳಿಬಿಡುತ್ತೇನೆ.

ಪ್ರತಿ ಭಾನುವಾರ ಬೆಳಿಗ್ಗೆ ಐದಕ್ಕೆ ನಾವು ಖಡಕವಾಸ್ಲಾ ಅಣೆಕಟ್ಟು ದಾಟಿ ಸಿಂಹಗಡ ಕೋಟೆಯ ಕಡೆ ಹೋಗುತ್ತಿದ್ದೆವು. ಅವರು ಮರಾಠಿಯವರು, ನನಗಿಂತ ಚಿಕ್ಕವರು, ಬ್ಯಾಂಕಿನಿಂದ ಬೇಗ ನಿವೃತ್ತಿ ತೆಗೆದುಕೊಂಡಿದ್ದರು. ಗಡದ ಮೇಲೆ ಪಿಠಲ-ಭಾಕರಿ ತಿನ್ನುವಾಗ, ಇದು ನಮ್ಮ ಝುಣಕ-ರೊಟ್ಟಿ ಅಂತ ನಾನು, ನಿಮ್ಮವರು ನಮ್ಮಿಂದ ಕಲಿತದ್ದು ಅಂತ ಅವರು. ಪ್ರತಿ ವಾರ ಅದೇ ವಾದ. ಅವರೂ ಅಳತೆ ಕೊಟ್ಟು ಸೈಕಲ್ ಮಾಡಿಸಿದರು, ಇದೇ ಟೈಟಾನಿಯಂ. ಹನ್ನೊಂದು ತಿಂಗಳು ಓಡಿಸಿದರು. ಒಂದು ಮಂಗಳವಾರ ರಾತ್ರಿ ಮಲಗಿದವರು ಏಳಲಿಲ್ಲ. 58 ವರ್ಷ.

ಮೂರು ತಿಂಗಳ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. "ಭಾವೂ, ಬಾಲ್ಕನಿಯಲ್ಲಿ ಅದನ್ನು ನೋಡಲು ಆಗುತ್ತಿಲ್ಲ. ತೆಗೆದುಕೊಂಡು ಹೋಗಿ ಯಾರಿಗಾದರೂ ಕೊಡಿಸಿ." ತಂದು ನಮ್ಮ ಮನೆಯಲ್ಲಿಟ್ಟೆ. ಗಿರಾಕಿ ಹುಡುಕುತ್ತಿದ್ದೇನೆ ಅಂತ ಆರು ವಾರ ಹೇಳಿದೆ. ದೋಸ್ತ, ನಾನು ಯಾರನ್ನೂ ಹುಡುಕಿರಲಿಲ್ಲ. ಒಬ್ಬರನ್ನೂ ಕೇಳಿರಲಿಲ್ಲ. ದಿನಾ ನಸುಕಿನಲ್ಲಿ ಅದನ್ನು ನಾನೇ ಓಡಿಸುತ್ತಿದ್ದೆ. ಅವರು ನನಗಿಂತ ನಾಲ್ಕು ಬೆರಳು ಎತ್ತರ. ಸೀಟು ಇಳಿಸಿದರೂ ಹ್ಯಾಂಡಲ್ ದೂರ. ಬೆನ್ನು ನೋಯುತ್ತಿತ್ತು, ಅಂಗೈ ಮರಗಟ್ಟುತ್ತಿತ್ತು. ಹ್ಯಾಂಡಲಿನ ಟೇಪು ಅವರ ಹಿಡಿತಕ್ಕೆ ಬಲಗಡೆ ಸವೆದಿತ್ತು. ಅಲ್ಲೇ ನನ್ನ ಕೈಯೂ ಕೂರುತ್ತಿತ್ತು. ಆದರೂ ಖಡಕವಾಸ್ಲಾದ ನೀರಿನ ಪಕ್ಕ ಆ ಸೈಕಲ್ಲು ಸದ್ದಿಲ್ಲದೆ ಹರಿದು ಹೋಗುವಾಗ ನನಗೆ ಎಷ್ಟು ಸಂತೋಷ ಆಗುತ್ತಿತ್ತು ಅಂದರೆ, ಅವರು ಇಲ್ಲ ಅನ್ನುವುದೇ ಮರೆತು ಹೋಗುತ್ತಿತ್ತು. ನೆನಪಾದ ತಕ್ಷಣ ನಿಲ್ಲಿಸಿ ಇಳಿಯುತ್ತಿದ್ದೆ. ಮತ್ತೆ ಹತ್ತುತ್ತಿದ್ದೆ.

ಆರು ವಾರ. ಆ ಮನೆಗೆ ಆಗ ದುಡ್ಡಿನ ಅವಸರ ಇತ್ತು ಅಂತ ಆಮೇಲೆ ಗೊತ್ತಾಯಿತು. ಅದು ಗೊತ್ತಾದ ಎರಡೇ ದಿನದಲ್ಲಿ ಗಿರಾಕಿ ಸಿಕ್ಕ. ಎತ್ತರದ ಹುಡುಗ, ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಒಳ್ಳೆಯ ಬೆಲೆಯೂ ಬಂತು. ಹುಡುಕಿದ್ದರೆ ಮೊದಲ ವಾರವೇ ಸಿಗುತ್ತಿದ್ದ.

ನನಗೆ ಈ ಆಸೆ ಹುಟ್ಟಿದ್ದು ಅವರ ಸೈಕಲ್ಲಿನ ಮೇಲೆ. ಹೆದರಿಕೆ ಹುಟ್ಟಿದ್ದೂ ಅಲ್ಲೇ. ನನ್ನ ಬೆನ್ನಿಗೆ, ನನ್ನ ಗಿಡ್ಡ ಕಾಲಿಗೆ ಅಂತ ಮಾಡಿಸಿದ್ದು ನಾನಿಲ್ಲದಾಗ ಯಾರಿಗೆ ಆಗುತ್ತದೆ? ಆ ಲೋಹ ನನಗಿಂತ ಜಾಸ್ತಿ ವರ್ಷ ಇರುತ್ತದೆ. ನಿನ್ನ ವೈನಿ ಯಾರಿಗೆ ಫೋನ್ ಮಾಡಬೇಕು? ರಾತ್ರಿ ಮಲಗಿದಾಗ ಇದು ಬರುತ್ತದೆ. ಅವಳು ಬೆರಳು ಮಡಚಿ ಎಂಟು ತಿಂಗಳು ಎಣಿಸಿದ್ದು ಯಾಕೆ ಅಂತ ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ಬ್ಯಾಂಕ್ ಸಾಹೇಬರ ಹೆಂಡತಿಗೆ ಕನ್ನಡ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯಲು ಧೈರ್ಯ ಬಂತೇನೋ. ಆದರೆ ಕನ್ನಡದಲ್ಲಿ ಹೇಳಿದರೆ ಮುಗಿಯಲಿಲ್ಲ, ಅಲ್ವಾ? ಈ ಭಾನುವಾರ ಅವರ ಮನೆಗೆ ಹೋಗುತ್ತೇನೆ. ಮರಾಠಿಯಲ್ಲಿ ಮೂರು ವಾಕ್ಯ ಜೋಡಿಸಿಟ್ಟಿದ್ದೇನೆ. ಮೊದಲು ಅದು. ವರ್ಕ್‌ಶಾಪಿನ ಹುಡುಗ ಮಂಗಳವಾರದ ತನಕ ಕಾಯುತ್ತೇನೆ ಅಂದಿದ್ದಾನೆ.

ಸಾಕು, ಬೇರೆ ಮಾತು. ಶೇಂಗಾ ಹಿಂಡಿ ಮುಗಿದು ಹದಿನೈದು ದಿನ ಆಯಿತು. ಇಲ್ಲಿಯದಕ್ಕೆ ಆ ಖಾರ ಇಲ್ಲ. ವೈನಿಗೆ ನಮಸ್ಕಾರ ಹೇಳು, ಜೊತೆಗೆ ಇದನ್ನೂ ಹೇಳು. ಬಣ್ಣ ಬೇಕಾದರೆ ಹಾಕಿಸಬಹುದಂತೆ, ನಾನು ಬೇಡ ಅಂದಿದ್ದೇನೆ, ಲೋಹ ಹಾಗೇ ಕಾಣಲಿ. ಹಸಿರು ಅಂತೂ ಯಾವ ಕಾಲಕ್ಕೂ ಬೇಡ, ನೀನು ಮಾತ್ರ ನಗುತ್ತಿರುತ್ತೀಯ ಈಗ.

ಒಂದು ಕೆಲಸ ಮಾಡು. ಗೋಡೆಗೆ ಬೆನ್ನು ಹಚ್ಚಿ ಬರಿಗಾಲಲ್ಲಿ ನಿಲ್ಲು. ಒಂದು ದಪ್ಪ ಪುಸ್ತಕ ತೊಡೆ ಸಂದಿಗೆ ಒತ್ತಿ ಹಿಡಿ, ಮೊಮ್ಮಗನಿಗೆ ಟೇಪು ಹಿಡಿಯಲು ಹೇಳು. ಬಂದ ಅಳತೆಯನ್ನು 0.883ರಿಂದ ಗುಣಿಸಿ ನನಗೆ ಕಳಿಸು. ಸೀಟು ನಾಲ್ಕು ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಆಗುವ ಹಾಗೆ ಇಡಲು ಆಗುತ್ತದೆ ಅಂತ ಹುಡುಗ ಹೇಳಿದ್ದಾನೆ. ಮಂಗಳವಾರದ ಒಳಗೆ ಕಳಿಸು.

ನಿನ್ನ,
ಪುಣೆಯ ದೋಸ್ತ