ಗದ್ದಕ್ಕೆ ಹೊಲಿಗೆ ಬಿತ್ತು, ದವಡೆ ಮುರಿದದ್ದು ಗೊತ್ತಾಗಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನಮ್ಮ ಭಾವ ಸ್ಕೂಟರ್‌ನಿಂದ ಬಿದ್ದರು. ರಾತ್ರಿ ಹೊತ್ತು, ಹೆದ್ದಾರಿ 66ರ ನಡುವೆಯೇ ಮಲಗಿದ್ದ ದನ ತಪ್ಪಿಸಲು ಹೋಗಿ. ಗದ್ದ ನೇರ ಟಾರಿಗೆ ಬಡಿದಿತ್ತು. ಹತ್ತಿರದ ಆಸ್ಪತ್ರೆಯಲ್ಲಿ ಐದು ಹೊಲಿಗೆ ಹಾಕಿದರು, ಟಿಟಿ ಚುಚ್ಚಿದರು, ತಲೆಗೆ ಏನೂ ಆಗಿಲ್ಲ ಅಂತ ಹೇಳಿ ಕಳಿಸಿದರು. ತಲೆ ಉಳಿಯಿತಲ್ಲ ಅಂತ ನಾವೂ ಸಮಾಧಾನದಿಂದಲೇ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ದೋಸೆ ಕಚ್ಚಲು ಹೋದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೂಡುತ್ತಲೇ ಇಲ್ಲ. ಬಾಯಿ ತೆರೆದರೆ ಗದ್ದ ಎಡಕ್ಕೆ ವಾಲುತ್ತದೆ. ಕೆಳತುಟಿಯ ಬಲಭಾಗ ಜೋಮು ಹಿಡಿದ ಹಾಗೆ. ಬಾವು ಇಳಿದರೆ ಸರಿಹೋಗುತ್ತೆ ಅಂತ ಎಲ್ಲರೂ ಹೇಳಿದರು, ನಾನೂ ಹೇಳಿದೆ. ಎರಡು ದಿನ ಗಂಜಿ ತಿಳಿ ಕುಡಿದರು.

ಮೂರನೇ ದಿನ 'ಎಂಡಿಎಸ್' ಅಂತ ಬೋರ್ಡ್ ಇದ್ದ ಒಂದು ಹಲ್ಲಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಎಂಡಿಎಸ್ ಅಂದರೆ ದೊಡ್ಡ ಡಾಕ್ಟರ್, ಅಲ್ವಾ? ಆ ಡಾಕ್ಟರ್ ಒಳ್ಳೆಯವರು, ಫೀಸೂ ತಗೊಳ್ಳಲಿಲ್ಲ. 'ನಾನು ಓದಿದ್ದು ಹಲ್ಲಿಗೆ ಕ್ಲಿಪ್ ಹಾಕುವ ವಿಷಯ, ಇದು ದವಡೆ ಮುರಿದ ಹಾಗಿದೆ, ಓರಲ್ ಸರ್ಜನ್‌ಗೆ ತೋರಿಸಿ' ಅಂದರು. ನನಗೆ ಇಷ್ಟು ವರ್ಷಕ್ಕೆ ಆವತ್ತೇ ಗೊತ್ತಾಗಿದ್ದು, ಹಲ್ಲಿನ ಡಾಕ್ಟರ್ ಐದು ವರ್ಷ ಬಿಡಿಎಸ್ ಮುಗಿಸಿ ಮತ್ತೆ ಮೂರು ವರ್ಷ ಓದುವ ಎಂಡಿಎಸ್‌ನಲ್ಲಿ ಒಂಬತ್ತು ಬೇರೆ ಬೇರೆ ವಿಭಾಗ ಇವೆ ಅಂತ. ವಸಡಿನವರು ಬೇರೆ, ರೂಟ್ ಕೆನಾಲ್‌ನವರು ಬೇರೆ, ಮಕ್ಕಳ ಹಲ್ಲಿನವರು ಬೇರೆ. ದವಡೆ ಮುರಿತ, ಮುಖದ ಮೂಳೆ, ಅಡ್ಡ ಹುಟ್ಟಿದ ಬುದ್ಧಿ ಹಲ್ಲು, ದವಡೆಯೊಳಗಿನ ಗಡ್ಡೆ, ಇದೆಲ್ಲ ನೋಡುವವರು ಓರಲ್ ಆಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್. ಬೋರ್ಡಿನಲ್ಲಿ ಮಾತ್ರ ಎಷ್ಟೋ ಕಡೆ ಬರೀ ಎಂಡಿಎಸ್.

ಸರಿ, ಆ ಸರ್ಜನ್ ಎಲ್ಲಿ ಸಿಗುತ್ತಾರೆ? ಅಲ್ಲಿಂದ ಶುರುವಾಯಿತು ನೋಡಿ. ಔಷಧ ಅಂಗಡಿಯವರು ಒಂದು ಊರು ಹೇಳಿದರು, ಅಕ್ಕನ ನಾದಿನಿ ಇನ್ನೊಂದು. ಯಾರೋ 'ಗುರುವಾರ ಗುರುವಾರ ಹೊರಗಿನಿಂದ ಒಬ್ಬರು ಬರ್ತಾರೆ' ಅಂದರು ಅಂತ ಗುರುವಾರದವರೆಗೆ ಕಾದೆವು. ಹೋಗಿ ನೋಡಿದರೆ ಬೆಂಚಿನ ಮೇಲೆ ನಮ್ಮ ಹಾಗೇ ನಾಲ್ಕು ಜನ. 'ಈ ವಾರ ಬರಲ್ಲ' ಅಂದರು ಕೌಂಟರಿನಲ್ಲಿದ್ದ ಹುಡುಗಿ. ಕೊನೆಗೆ ಗಾಡಿ ಮಾಡಿಕೊಂಡು ಮಣಿಪಾಲಕ್ಕೆ ಹೊರಟೆವು. ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ, ಪ್ರತಿ ಹೊಂಡಕ್ಕೂ ಭಾವ ಎರಡೂ ಕೈಯಲ್ಲಿ ದವಡೆ ಹಿಡಿದುಕೊಳ್ಳುತ್ತಿದ್ದರು.

ಅಲ್ಲಿ ಮಾಡಿದ್ದು ಒಂದೇ ಎಕ್ಸ್‌ರೇ. ಓಪಿಜಿ ಅಂತಾರೆ, ಮಷೀನು ತಲೆಯ ಸುತ್ತ ಒಂದು ಸುತ್ತು ಬಂದು ಇಡೀ ದವಡೆಯನ್ನು ಬಿಡಿಸಿಟ್ಟ ಹಾಗೆ ತೋರಿಸುತ್ತದೆ. ಎರಡು ಕಡೆ ಮುರಿದಿತ್ತು. ಬಲಕ್ಕೆ ಗದ್ದದ ಪಕ್ಕ ಒಂದು, ಎಡಕ್ಕೆ ಕಿವಿಯ ಮುಂದೆ ಇನ್ನೊಂದು. ಪೆಟ್ಟು ಬಿದ್ದದ್ದು ಗದ್ದಕ್ಕೆ, ಕಿವಿ ಹತ್ತಿರ ಹೇಗೆ ಮುರಿಯಿತು ಅಂತ ಕೇಳಿದೆ. ಕೆಳದವಡೆ ಬಳೆಯ ತುಂಡಿನ ಹಾಗೆ, ಮುಂದೆ ಕುಟ್ಟಿದರೆ ಹಿಂದೆ ಕಿವಿ ಹತ್ತಿರ ದವಡೆ ಮೂಳೆ ಸಪೂರ ಆಗುವ ಕಡೆ ಮುರಿಯುತ್ತದೆ, ಗದ್ದದ ಗಾಯ ನೋಡುವ ಭರದಲ್ಲಿ ಅದು ತಪ್ಪಿಹೋಗುವುದು ಹೊಸದಲ್ಲ ಅಂದರು. ಮಕ್ಕಳು ಗದ್ದ ಕೆಳಗಾಗಿ ಬಿದ್ದು ಇದು ಗೊತ್ತಾಗದೆ ಉಳಿದರೆ, ಮುಂದೆ ಕೀಲೇ ಅಂಟಿಕೊಂಡು ಬಾಯಿ ತೆರೆಯದ ಹಾಗೆ ಆಗಬಹುದಂತೆ. ಗದ್ದ ಒಡೆದುಕೊಂಡು ಬರುವ ಮಕ್ಕಳು ನಮ್ಮ ಕಡೆ ಕಡಿಮೆಯಾ?

ಟೈಟೇನಿಯಂ ಪ್ಲೇಟು ಕೂರಿಸಿ, ಮೇಲಿನ ಕೆಳಗಿನ ಹಲ್ಲು ಸೇರಿಸಿ ವೈರಿನಲ್ಲಿ ಕಟ್ಟಿದರು. ಮನೆಗೆ ಕಳಿಸುವಾಗ ಒಂದು ಸಣ್ಣ ವೈರ್ ಕಟ್ಟರ್ ಸದಾ ಹತ್ತಿರ ಇಟ್ಟುಕೊಳ್ಳಿ ಅಂದರು. ವಾಂತಿ ಬಂದು ಉಸಿರು ಕಟ್ಟಿದರೆ ತಕ್ಷಣ ಕತ್ತರಿಸಬೇಕಲ್ಲ, ಅದಕ್ಕೆ. ಅಕ್ಕ ಅದನ್ನು ಮಂಚದ ಪಕ್ಕದ ಮೊಳೆಗೆ ನೇತುಹಾಕಿ, ರಾತ್ರಿ ಎರಡೆರಡು ಸಲ ಎದ್ದು ಇದೆಯೋ ಇಲ್ಲವೋ ನೋಡುತ್ತಿದ್ದಳು. ಭಾವ ಸ್ಲೇಟಿನಲ್ಲಿ 'ಬಂಗಡೆ' ಅಂತ ಬರೆದು ತೋರಿಸುತ್ತಿದ್ದರು. ಈಗ ಆರಾಮಿದ್ದಾರೆ, ಬಂಗಡೆಯೂ ಆಗಿದೆ, ಏಳೆಂಟು ಸಲ.

ಆಸ್ಪತ್ರೆಯಲ್ಲಿ ಕಾಯುವಾಗ ಸಿದ್ದಾಪುರ ಕಡೆಯವರೊಬ್ಬರು ಸಿಕ್ಕಿದ್ದರು. ವರ್ಷಗಟ್ಟಲೆ ಗುಟ್ಕಾ. ಬಾಯಿಗೆ ಒಂದು ಬೆರಳು ಹೋಗುವುದೂ ಕಷ್ಟ. ಮೊದಮೊದಲು ಖಾರ ತಿಂದರೆ ಉರಿ ಬರುತ್ತಿತ್ತಂತೆ, ಉಷ್ಣ ಅಂದುಕೊಂಡು ಮಜ್ಜಿಗೆ ಕುಡಿದುಕೊಂಡು ಸುಮ್ನೆ ಇದ್ದರಂತೆ. ಅದನ್ನೂ ನೋಡುವವರು ಇದೇ ಡಾಕ್ಟರು. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಹೋಗುತ್ತಾ ನೋಡಿ, ಹೋಗದಿದ್ದರೆ ತೋರಿಸಿ, ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಆಗಲೂ ತೋರಿಸಿ. ಅಡಿಕೆಯ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯುವುದು ಸ್ವಲ್ಪ ಮುಜುಗರವೇ, ನಮ್ಮ ಮನೆಯಲ್ಲೂ ಕವಳದ ತಟ್ಟೆ ಇದೆ.

ಕಾರವಾರದವರು ಗೋವಾದ ಬಾಂಬೋಳಿಗೆ, ಶಿರಸಿಯವರು ಹುಬ್ಬಳ್ಳಿ-ಧಾರವಾಡಕ್ಕೆ, ನಾವು ಮಣಿಪಾಲಕ್ಕೆ ಹೋಗುವುದು ಹೊಸದಲ್ಲ. 2022ರ ಜುಲೈನಲ್ಲಿ ಹೊನ್ನಾವರದ ರೋಗಿ ಇದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತ ಮೇಲೆ ದೊಡ್ಡ ಆಸ್ಪತ್ರೆಗಾಗಿ ಇಡೀ ಜಿಲ್ಲೆ ಕೂಗಿತು. ಆ ಕೂಗು ಇರಲಿ. ನಾನು ಕೇಳುತ್ತಿರುವುದು ಒಂದು ಬೋರ್ಡು. ಪ್ರತಿ ತಾಲೂಕು ಆಸ್ಪತ್ರೆಯ ಅಪಘಾತ ವಿಭಾಗದ ಗೋಡೆಯ ಮೇಲೆ, ಜಿಲ್ಲೆಯಲ್ಲಿ ದವಡೆ ಸರ್ಜನ್ ಯಾರಿದ್ದಾರೆ, ಯಾವ ಊರಿಗೆ ಯಾವ ದಿನ ಬರುತ್ತಾರೆ, ಓಪಿಜಿ ಎಲ್ಲಿ ಆಗುತ್ತದೆ, ಬರದಿದ್ದರೆ ಯಾವ ನಂಬರಿಗೆ ಕೇಳಬೇಕು, ಇಷ್ಟು ಬರೆದು ಹಾಕಿ. ಹಲ್ಲಿನ ಡಾಕ್ಟರುಗಳ ಸಂಘದವರು ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಕ್ಲಿನಿಕ್ಕಿನವರೂ ಎಂಡಿಎಸ್ ಪಕ್ಕದಲ್ಲಿ ಯಾವ ವಿಷಯ ಅಂತ ಕನ್ನಡದಲ್ಲಿ ಒಂದು ಸಾಲು ಬರೆಸಲಿ. ಅಲ್ಲಿಯವರೆಗೆ ಓದುಗರೇ, ಹೋಗುವ ಮೊದಲು ಫೋನಿನಲ್ಲೇ ಕೇಳಿ: 'ಎಂಡಿಎಸ್ ಯಾವುದರಲ್ಲಿ?' ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಅಂದಹಾಗೆ ಆ ಗುರುವಾರದ ಡಾಕ್ಟರು ಈಗ ಬರುವುದು ತಿಂಗಳ ಎರಡನೇ ಶನಿವಾರವಂತೆ. ಇದು ನನಗೆ ಗೊತ್ತಾಗಿದ್ದು ಮೀನು ಮಾರ್ಕೆಟ್ಟಿನಲ್ಲಿ.

— ಒಬ್ಬ ಓದುಗ, ಕುಮಟಾ